ಎದುರುಮನೆಯ ಬೇವು

ಬೀದರಿನಿಂದ ಜನವಾಡದ ಕಡೆ ಹೊರಟ ಬಸ್ಸು ಊರು ದಾಟುವ ಮೊದಲು ಒಂದು ಕಡೆ ತಟ್ಟನೆ ನೆರಳಿಗೆ ಹೊಗುತ್ತದೆ. ಬೇಸಿಗೆಯಾದರೆ ಬಸ್ಸಿನಲ್ಲಿ ಕುಳಿತವರಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ‘ಗಿಡದ ಕಾಲನಿ, ಇಳೀರಿ’ ಎಂದು ಕಂಡಕ್ಟರು ಕೂಗುತ್ತಾನೆ. ಬೋರ್ಡಿನ ಮೇಲೆ ಇರುವ ಹೆಸರು ಸಮತಾ ಕಾಲನಿ. ಬೋರ್ಡು ಓದಿ ಬಸ್ಸಿನಿಂದ ಇಳಿದವರನ್ನು ಇದುವರೆಗೆ ಯಾರೂ ಕಂಡಿಲ್ಲ.

ಈ ಕಾಲನಿಗೆ ಹೊಸದಾಗಿ ಬಂದವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ತಮ್ಮ ಗೇಟಿನ ಮುಂದಿನ ಗಿಡ ತಮ್ಮದು ಅಂದುಕೊಳ್ಳುತ್ತಾರೆ. ಟೊಂಗೆ ಸವರಲು ಕೊಡಲಿ ಎತ್ತಿದರೋ, ಎದುರುಮನೆಯಿಂದ ಕೂಗು ಬರುತ್ತದೆ: ‘ಏ, ಯಾರ್ರೀ ಅದು, ನಮ್ಮ ಗಿಡಕ್ಕ ಕೈ ಹಚ್ಚಾವ್ರು?’ ಇಲ್ಲಿ ನಿಮ್ಮ ಮನೆಯ ಮುಂದಿನ ಗಿಡ ಎದುರುಮನೆಯವರದು, ಅವರ ಮನೆಯ ಮುಂದಿನದು ನಿಮ್ಮದು. ನೆರಳು ಒಬ್ಬರಿಗೆ, ಹಕ್ಕು ಇನ್ನೊಬ್ಬರಿಗೆ. ಉದುರಿದ ಎಲೆ ಯಾರು ಗುಡಿಸಬೇಕು ಎಂಬುದು ಮಾತ್ರ ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ, ಆಗುವ ಲಕ್ಷಣವೂ ಇಲ್ಲ.

ಈ ಉಲ್ಟಾ ಪದ್ಧತಿಯನ್ನು ಹುಟ್ಟುಹಾಕಿದವನು ಕೌಸಲ್ಯಾಬಾಯಿಯ ಗಂಡ ಕಾಶೀರಾಮ. ಆಗ ಇಲ್ಲಿ ಇದ್ದದ್ದು ಜಾಲಿ ಮುಳ್ಳು ಮತ್ತು ಕೆಂಪು ಕಲ್ಲಿನ ಬಯಲು, ಅಷ್ಟೇ. ಮನೆಗೆ ಪಾಯ ತೋಡಿದರೆ ತೋಡಿದ ಕಲ್ಲಿನಲ್ಲೇ ಗೋಡೆ ಎಬ್ಬಿಸಬಹುದು, ಆದರೆ ಒಂದು ಗಿಡ ನೆಡುತ್ತೇನೆ ಎಂದರೆ ಹಾರೆಯೇ ಬಾಗುತ್ತಿತ್ತು. ಸರಕಾರಿ ಕಚೇರಿಯ ಗುಮಾಸ್ತ ಕಾಶೀರಾಮ ಮೊದಲು ಬಂದು ಮನೆ ಕಟ್ಟಿದ. ಎದುರಿಗೆ ಮೆಥೊಡಿಸ್ಟ್ ಚರ್ಚಿನ ಸಿಲಾಸ ಮಾಸ್ತರರು ಕಟ್ಟಿದರು. ಇಬ್ಬರೂ ಒಂದು ಸಂಜೆ ಬಿಸಿಲು ಕಾದ ಕಲ್ಲಿನ ಮೇಲೆ ಕುಳಿತು, ನೆರಳಿಲ್ಲದ ಬಾಳು ಎಂಥ ಬಾಳು ಎಂದು ಮಾತಾಡಿಕೊಂಡರು.

‘ಊರಿಂದ ಒಂದು ಬಂಡಿ ಎರಿ ಮಣ್ಣು ತರ್ತೇನ್ರಿ ಮಾಸ್ತರ,’ ಅಂದ ಕಾಶೀರಾಮ. ಅವನ ಊರು ಔರಾದದ ಆಚೆ, ನೆಲವೆಲ್ಲ ಕರಿ ಮಣ್ಣು. ‘ನೀವೂ ಭಾಲ್ಕಿ ಕಡಿಂದ ತರ್ರಿ. ಕಲ್ಲು ಒಡದು ಕುಣಿ ತೋಡೋಣ. ಆದ್ರ ನಂದು ನಿಮ್ಮ ಮನಿ ಮುಂದ ಹಚ್ತೇನಿ, ನಿಮ್ಮದು ನಮ್ಮ ಮನಿ ಮುಂದ ಹಚ್ರಿ.’

‘ಅದ್ಯಾಕಪಾ?’

‘ತನ್ನ ಗಿಡಾ ಇದ್ರ ಮನಸ್ಸಿಗೆ ಬಂದಾಗ ಕೊಡ್ಲಿ ಹಾಕ್ತಾರ್ರಿ. ಮಂದಿ ಗಿಡಾ ಇದ್ರ ಹೋಗಿ ಕೇಳ್ಬೇಕಾಗ್ತದ. ಕೇಳ್ಲಿಕ್ಕರೇ ಒಬ್ಬರ ಮನಿಯಾಗ ಒಬ್ರು ಹೋಗಿ ಕೂಡ್ತಾರ, ನೀರು ಕುಡೀತಾರ.’

ಮಾಸ್ತರರು ನಕ್ಕುಬಿಟ್ಟರು, ಆದರೆ ಕೊನೆಯ ಮಾತು ಅವರ ಮನಸ್ಸಿಗೆ ನಾಟಿತು. ಸಿಲಾಸರ ಮನೆಯ ಮುಂದೆ ಔರಾದದ ಮಣ್ಣಿನಲ್ಲಿ ಬೇವು ಬಂತು, ಕಾಶೀರಾಮನ ಮನೆಯ ಮುಂದೆ ಭಾಲ್ಕಿಯ ಮಣ್ಣಿನಲ್ಲಿ ಹೊಂಗೆ ಬಂತು. ಆಮೇಲೆ ಮನೆ ಕಟ್ಟಿದವರೆಲ್ಲ ಹಾಗೇ ಮಾಡಿದರು. ಕಮಠಾಣದವರು ಕಮಠಾಣದ ಮಣ್ಣು ತಂದರು, ಜನವಾಡದವರು ಜನವಾಡದ್ದು. ಹೀಗೆ ಕೆಂಪು ಬಂಡೆಯ ಮೇಲೆ ಜಿಲ್ಲೆಯ ಹತ್ತೂರ ಮಣ್ಣು ಬಂದು ಕುಳಿತು, ಒಂದು ಕಾಲನಿಯೇ ಹಸಿರಾಯಿತು.

ಕಾಶೀರಾಮ ‘ನೀರು ಕುಡೀತಾರ’ ಅಂದದ್ದರ ಹಿಂದೆ ಏನಿತ್ತೆಂಬುದು ಎಲ್ಲರಿಗಿಂತ ಹೆಚ್ಚು ಗೊತ್ತಿದ್ದದ್ದು ಕೌಸಲ್ಯಾಬಾಯಿಗೆ. ಅವಳು ಹುಟ್ಟಿದ ಹಳ್ಳಿಯಲ್ಲಿ ಅವಳ ಅವ್ವ ಊರ ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದಳು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರುವಬೇಕಿತ್ತು. ಒಮ್ಮೆ ಶಾಲೆಯ ಮಾಸ್ತರೊಬ್ಬರು ಮಕ್ಕಳ ಹೆಸರು ಹಚ್ಚಿಸಲು ಮನೆಯವರೆಗೆ ಬಂದರು. ಉರಿಬಿಸಿಲು. ಅವ್ವ ತಂಬಿಗೆಯನ್ನು ಬೂದಿ ಹಚ್ಚಿ ಥಳಥಳ ಬೆಳಗಿ ನೀರು ತಂದು ಮುಂದಿಟ್ಟಳು. ‘ಈಗ ಬ್ಯಾಡವ್ವಾ’ ಅಂದರು ಮಾಸ್ತರು. ಅವರ ತುಟಿ ಒಣಗಿ ಬಿರಿದಿತ್ತು. ಅವರು ಹೋದ ಮೇಲೆ ಅವ್ವ ಆ ನೀರನ್ನು ಹೊಸ್ತಿಲಾಚೆ ಚೆಲ್ಲಿ, ತಂಬಿಗೆಯನ್ನು ಇನ್ನೊಮ್ಮೆ ಬೆಳಗಲು ಕುಳಿತಳು. ಬೆಳಗಿದ ತಂಬಿಗೆಯನ್ನೇ ಮತ್ತೆ ಯಾಕೆ ಬೆಳಗುತ್ತಾಳೆ ಎಂದು ಹುಡುಗಿ ಕೌಸಲ್ಯಾಗೆ ಆಗ ತಿಳಿಯಲಿಲ್ಲ. ತಿಳಿದ ಮೇಲೆ ಮರೆಯಲಾಗಲಿಲ್ಲ.

ಅವಳು ಓದಿದಳು, ಅಂಗನವಾಡಿ ಟೀಚರಾದಳು, ಅರ್ಧ ಕಾಲನಿಯ ಮಕ್ಕಳ ಮೂಗು ಒರೆಸಿ ಅ ಆ ಇ ಈ ಕಲಿಸಿದಳು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂತು, ಬಾಬಾಸಾಹೇಬರ ಪಟ ಬಂತು. ಎಲ್ಲ ಬದಲಾಯಿತು, ಒಂದು ಚಾಳಿ ಮಾತ್ರ ಉಳಿಯಿತು. ಮನೆಗೆ ಯಾರೇ ಬರಲಿ, ಮೊದಲು ನೀರು, ಒಂದು ಚೂರು ಬೆಲ್ಲ. ನೀರು ಕೊಟ್ಟು ಬಂದವರ ಮುಖ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದಳು. ಗಂಟಲು ಆಡಿತೆಂದರೆ ಆ ಮನುಷ್ಯ ಪಾಸು. ಸಿಲಾಸ ಮಾಸ್ತರರ ಹೆಂಡತಿ ಕರುಣಾ ಮೊದಲ ದಿನವೇ ಒಂದು ಗ್ಲಾಸು ಗಟಗಟ ಕುಡಿದು ‘ಇನ್ನೊಂದು ಕೊಡ್ರಿ ಅಕ್ಕಾ, ಬಿಸಲಾಗ ಸತ್ತು ಬಂದೀನಿ’ ಅಂದಿದ್ದಳು. ಆ ಇನ್ನೊಂದು ಗ್ಲಾಸಿಗೆ ಕೌಸಲ್ಯಾಬಾಯಿ ಕರುಣಾಳಿಗೆ ಬದುಕಿರುವವರೆಗೆ ಅಕ್ಕನಾದಳು.

ಬೇವು ದೊಡ್ಡದಾದ ಮೇಲೂ ಕೌಸಲ್ಯಾಬಾಯಿ ದಿನಾ ಮುಂಜಾನೆ ಒಂದು ಕೊಡ ನೀರು ಹೊತ್ತು ರಸ್ತೆ ದಾಟುತ್ತಿದ್ದಳು. ಬೇವಿಗೆ ಆ ನೀರು ಬೇಕಿರಲಿಲ್ಲ, ಇವಳಿಗೆ ಕರುಣಾಳ ಜೊತೆ ಹರಟೆ ಬೇಕಿತ್ತು. ಕಾಶೀರಾಮ ತೀರಿಕೊಂಡ ಮೇಲೆ ಬೇವು ಬರೀ ಗಿಡವಾಗಿ ಉಳಿಯಲಿಲ್ಲ. ಹಾರೆ ಹಿಡಿದು ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಗಂಡ ತೋಡಿದ ಕುಣಿ ಅದು. ಕೊಡ ಬರಿದು ಮಾಡಿ ಕಾಂಡದ ಮೇಲೊಮ್ಮೆ ಕೈಯಾಡಿಸಿ ಬಂದರೆ ಅವಳ ದಿನ ನೆಟ್ಟಗೆ ಶುರುವಾಗುತ್ತಿತ್ತು. ಕರುಣಾಳೂ ಹೋದಳು. ಸಿಲಾಸ ಮಾಸ್ತರರು ದೊಡ್ಡ ಮನೆಯಲ್ಲಿ ಒಬ್ಬರೇ ಏನು ಮಾಡಲಿ ಎಂದು, ಬೀದರಿನಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಶರೋನಳ ಮನೆಗೆ ಹೋದರು. ಮನೆ ಮಾರಿದರು.

ಕೊಂಡವನು ಅಬ್ದುಲ ಮಜೀದ, ಗಾಂಧಿ ಗಂಜಿನಲ್ಲಿ ತೊಗರಿಯ ವ್ಯಾಪಾರ ಮಾಡುವವನು, ಜನವಾಡದ ಮನುಷ್ಯ. ಮನೆಯಲ್ಲಿ ಹೆಂಡತಿ ಆಬೇದಾ, ವಯಸ್ಸಾದ ತಾಯಿ ಇಮಾಮಬೀ. ಸಾಮಾನು ಇಳಿಸಿ ಹತ್ತು ದಿನ ಆಗಿರಲಿಲ್ಲ, ಅತ್ತೆ ಸೊಸೆ ಇಬ್ಬರೂ ರಸ್ತೆ ದಾಟಿ ಬಂದರು. ದಾಟುವಾಗ ಇಮಾಮಬೀ ಸೊಸೆಯ ಹೆಗಲ ಮೇಲೆ ಭಾರ ಹಾಕಿ, ಬೇವಿನ ಕೆಳಗೊಮ್ಮೆ ಹೊಂಗೆಯ ಕೆಳಗೊಮ್ಮೆ ನಿಂತು ನಿಂತು ಬಂದಳು.

ಕೌಸಲ್ಯಾಬಾಯಿ ಮಣ್ಣಿನ ಹರವಿಯಿಂದ ತಣ್ಣನೆಯ ನೀರು ತಂದಳು, ಬೆಲ್ಲ ತಂದಳು. ಆಬೇದಾ ಕುಡಿದಳು. ಇಮಾಮಬೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಎಷ್ಟೋ ಹೊತ್ತು ಹಾಗೇ ಕುಳಿತಳು. ಗೋಡೆಯ ಮೇಲಿನ ಪಟಗಳನ್ನು ನೋಡಿದಳು. ಆಮೇಲೆ ಗ್ಲಾಸನ್ನು ಕೆಳಗಿಟ್ಟಳು.

‘ಕುಡೀರಿ ಆಪಾ.’

‘ಈಗ ಬ್ಯಾಡ ಬಾಯಿ.’

ಅದೇ ಮಾತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕೌಸಲ್ಯಾಬಾಯಿಯ ಸೊಸೆ ಸಪನಾ ಚಹಾ ತಂದಿಟ್ಟಳು. ಇಮಾಮಬೀಯ ಚಹಾಕ್ಕೆ ಕೆನೆ ಕಟ್ಟಿತೇ ಹೊರತು ಕಪ್ಪು ಮೇಲೇಳಲಿಲ್ಲ.

ಆಬೇದಾ ತಲೆತಗ್ಗಿಸಿಕೊಂಡು ವಿಷಯ ಎತ್ತಿದಳು. ‘ಖಾಲಾ, ಸಿಲಾಸ ಮಾಸ್ತರು ಎಲ್ಲಾ ಹೇಳ್ಯಾರ. ನಮ್ಮ ಗೇಟಿನ ಮುಂದಿನ ಬೇವು ನಿಮ್ಮದು ಅಂತ. ಆ ಗಿಡ ಇದ್ರ ಗಾಡಿ ಒಳಗ ಬರಂಗಿಲ್ರಿ. ಇನ್ನೊಂದು ಬಾಜೂಕ ಹಳೀ ಬಾವಿ ಅದ, ಅಲ್ಲಿ ಗೇಟು ಆಗಂಗಿಲ್ಲ. ನಮ್ಮ ಅಮ್ಮಾಗ ನಡಿಲಿಕ್ಕ ತಕಲೀಫ. ಗಾಡಿ ಬಾಗಿಲ ತನಕ ಬಂದ್ರ...’

‘ಕಡೀಬೇಕಂತೀರಿ.’

‘ನೀವು ಹೂಂ ಅಂದ್ರ ಅಷ್ಟೇ ರೀ. ಇಲ್ಲಂದ್ರ ಇಲ್ಲ.’

‘ವಿಚಾರ ಮಾಡ್ತೇನಿ,’ ಅಂದಳು ಕೌಸಲ್ಯಾಬಾಯಿ. ಅವರು ಹೋದ ಮೇಲೆ ಆ ಗ್ಲಾಸಿನ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಗ್ಲಾಸು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿರುವುದು ಗೊತ್ತಾಗಿ ಕೈ ನಿಂತಿತು. ಅವ್ವ ನೆನಪಾದಳು. ಗಿಡದ ಮೇಲೆ ಹಟ ಹುಟ್ಟಿದ್ದು ಆ ನಿಮಿಷಕ್ಕೆ.

‘ಸೊಸಿ ಕುಡದಾಳಲ್ರಿ ಅತ್ತಿ,’ ಅಂದಳು ಸಪನಾ.

‘ಸೊಸಿ ಸಾಲಿ ಕಲ್ತಾಳ. ಮುದುಕಿ ಮನಸಿನಾಗಿಂದು ತೋರ್ಸ್ಯಾಳ.’

ಮರುದಿನ ಮಜೀದ ಕೇಳಲು ಬಂದಾಗ, ಅದು ನಮ್ಮ ಮನೆಯವರು ಹಚ್ಚಿದ ಗಿಡ, ನಾನಿರುವ ತನಕ ಅದಕ್ಕೆ ಕೊಡಲಿ ಬೀಳುವುದಿಲ್ಲ ಎಂದು ನಿಂತಲ್ಲೇ ಹೇಳಿಬಿಟ್ಟಳು. ಅವನು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ‘ಆಯ್ತ್ರಿ ಬಾಯಿ, ನಿಮ್ಮ ಗಿಡ, ನಿಮ್ಮ ಮಾತು’ ಎಂದು ಕೈಮುಗಿದು ಹೋದ. ಗೆದ್ದವಳಿಗೆ ರಾತ್ರಿ ಊಟ ಸೇರಲಿಲ್ಲ.

ಬೇಸಿಗೆ ಬಲಿಯಿತು. ವಾರದಲ್ಲಿ ಎರಡು ಸಲ ಎದುರುಮನೆಯ ಮುಂದೆ ಗಾಡಿ ನಿಲ್ಲುತ್ತಿತ್ತು. ಮಜೀದ ಮತ್ತು ಡ್ರೈವರು ಸೇರಿ ಇಮಾಮಬೀಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಉದ್ದ ಅಂಗಳ ದಾಟಿಸಿ, ಬೇವಿನ ಪಕ್ಕದ ಸಂದಿಯಿಂದ ಓರೆಯಾಗಿ ಹೊರಗೆ ತರುತ್ತಿದ್ದರು. ಗಿಡದ ಹತ್ತಿರ ಬಂದಾಗ ಪ್ರತಿ ಸಲವೂ ಅವಳು ಕೈ ಚಾಚಿ ಕಾಂಡಕ್ಕೆ ಅಂಗೈ ಊರಿ ಏನೋ ಗೊಣಗುತ್ತಿದ್ದಳು. ‘ಶಾಪ ಹಾಕ್ಲಿಕತ್ತಾಳ ನನ್ನ ಗಿಡಕ್ಕ’ ಎಂದು ಪಡಸಾಲೆಯಿಂದ ನೋಡುತ್ತಿದ್ದ ಕೌಸಲ್ಯಾಬಾಯಿ ಹಲ್ಲು ಕಡಿಯುತ್ತಿದ್ದಳು. ‘ಈ ವಯಸ್ಸಿನಾಗ ವಾರಕ್ಕ ಎರಡು ಸಲ ಎಲ್ಲಿಗೆ ತಿರುಗ್ಲಿಕ್ಕ ಹೋಗ್ತಾಳೋ. ಇವಳ ತಿರುಗಾಟಕ್ಕ ನನ್ನ ಬೇವು ಬಲಿ ಕೊಡಬೇಕೇನು?’ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಹೇಳಿಕೊಟ್ಟ ಟೀಚರೇ ಇವಳು. ಹೇಳಿಕೊಡುವ ಮಾತು ಹೇಳಿಕೊಡಲಿಕ್ಕಷ್ಟೇ ಇರುತ್ತದೆ, ಏನು ಮಾಡುವುದು.

ಮುಂಜಾನೆ ಕೊಡ ಹೊತ್ತು ದಾಟುವುದೂ ನಿಂತುಹೋಗಿತ್ತು. ಹಟ ಗೆದ್ದು ಉಳಿಸಿಕೊಂಡ ಗಿಡದ ಹತ್ತಿರ ಹೋಗಲು ಮುಖವಿಲ್ಲದಂತಾಗಿ ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಒಂದು ರವಿವಾರ ಚರ್ಚು ಮುಗಿಸಿಕೊಂಡು ಸಿಲಾಸರ ಮಗಳು ಶರೋನ ಬಂದಳು. ತಾಯಿಯ ಹಾಗೇ, ಬಂದವಳೇ ನೀರು ಗಟಗಟ ಕುಡಿದಳು. ಕುಡಿದು ಕಿಟಕಿಯಿಂದ ತನ್ನ ಹಳೆಯ ಮನೆಯ ಕಡೆ ನೋಡಿ, ‘ಇಮಾಮಬೀ ಅಮ್ಮಾ ಹ್ಯಾಂಗ ಅದಾರ್ರಿ ಮಾವಶಿ? ನಿನ್ನಿ ನಮ್ಮ ವಾರ್ಡಿನಾಗ ಭಾಳ ಸುಸ್ತಾಗಿದ್ರು,’ ಅಂದಳು.

‘ಯಾವ ವಾರ್ಡು?’

‘ನಿಮಗ ಗೊತ್ತಿಲ್ಲೇನ್ರಿ? ಎರಡೂ ಕಿಡ್ನಿ ಹೋಗ್ಯಾವ. ವಾರಕ್ಕ ಎರಡು ಸಲ ಡಯಾಲಿಸಿಸ್ ಮಾಡ್ತೀವಿ. ಮಂದಿಗೆ ಹೇಳಬ್ಯಾಡ್ರಿ, ಎಲ್ಲಾರೂ ಅಯ್ಯೋ ಪಾಪ ಅಂತಾರ ಅಂತ ಅವರದೊಂದು ಜಿದ್ದು. ಈ ಬ್ಯಾಸಗಿ ಅವರಿಗೆ ಕೆಟ್ಟದು ನೋಡ್ರಿ. ದಿನಕ್ಕ ಒಂದು ಸಣ್ಣ ಲೋಟಾ ನೀರು, ಗುಳಗಿ ನುಂಗ್ಲಿಕ್ಕ ಅಷ್ಟೇ. ಚಹಾ ಸುದ್ದಾ ಅದರಾಗ ಲೆಕ್ಕ. ಜಾಸ್ತಿ ಕುಡದ್ರ ಉಸರು ಕಟ್ತದ. ಕೆಲವ್ರು ಅಳ್ತಾರ್ರಿ ಮಾವಶಿ, ಒಂದು ಗುಟುಕು ಕೊಡ್ರಿ ಅಂತ. ಇವ್ರು ಒಂದು ದಿನಾನೂ ಕೇಳಿಲ್ಲ.’

ಶರೋನ ಹೋದ ಮೇಲೆ ಕೌಸಲ್ಯಾಬಾಯಿ ಹರವಿಯ ಹತ್ತಿರ ಹೋಗಿ ಕುಳಿತಳು. ಹರವಿಯ ನೀರಿನ ಗ್ಲಾಸು, ಅದನ್ನು ಹಿಡಿದ ಎರಡು ಕೈ, ಅಷ್ಟು ಹೊತ್ತು ಹಿಡಿದದ್ದು ಕಣ್ಣ ಮುಂದೆ ಬಂತು. ಆಮೇಲೆ ಎದ್ದು ರಸ್ತೆ ದಾಟಿದಳು. ಜೀವನದಲ್ಲಿ ಮೊದಲ ಸಲ ಆ ಮನೆಗೆ ಬರಿಗೈಯಲ್ಲಿ ಹೋದಳು. ಏನು ಒಯ್ಯಬೇಕೆಂದೇ ತಿಳಿಯಲಿಲ್ಲ.

ಇಮಾಮಬೀ ಕಿಟಕಿಯ ಹತ್ತಿರದ ಮಂಚದ ಮೇಲೆ ಮಲಗಿದ್ದಳು. ಕಿಟಕಿಯ ತುಂಬ ಬೇವಿನ ಟೊಂಗೆ. ಕೌಸಲ್ಯಾಬಾಯಿ ಮಂಚದ ಕಾಲಬದಿಗೆ ಕುಳಿತು ಸುತ್ತಿಬಳಸದೆ ಹೇಳಿಬಿಟ್ಟಳು. ‘ಆಪಾ, ಗಿಡ ಕಡಸ್ರಿ. ಮತ್ತ ನನಗ ಮಾಫ್ ಮಾಡ್ರಿ. ನೀವು ಅವತ್ತು ನೀರು ಕುಡೀಲಿಲ್ಲ. ನಮ್ಮ ಮನಿ ನೀರು ನಿಮಗ ನಡ್ಯಂಗಿಲ್ಲ ಅಂತ ತಿಳಕೊಂಡೆ. ಸಣ್ಣಕಿದ್ದಾಗಿಂದ ಅದನ್ನ ನೋಡೀನಿ. ಅದಕ್ಕೇ ಸಿಟ್ಟು ಬಂತು. ಗಿಡದ ಮ್ಯಾಲ ಹಾಕಿ ನಿಮಗ ಹೈರಾಣ ಮಾಡಿದೆ.’

ಇಮಾಮಬೀ ಮೊದಲು ಅರ್ಥವಾಗದವಳಂತೆ ನೋಡಿದಳು. ಅರ್ಥವಾದ ಮೇಲೆ ಅವಳ ಕಣ್ಣು ತುಂಬಿದವು.

‘ಹಾಯ್ ಅಲ್ಲಾ! ಆ ನೀರು ಎಷ್ಟು ತಣ್ಣಗಿತ್ತು ಬಾಯಿ. ಕುಡಿಲಿಕ್ಕ ಹುಕುಂ ಇಲ್ಲ. ಕೈಗಾದ್ರೂ ತಂಪು ಹತ್ತಲಿ ಅಂತ ಹಿಡಕೊಂಡು ಕುಂತಿದ್ದೆ. ಬಿಡ್ಲಿಕ್ಕೇ ಮನಸಿಲ್ಲ ನನಗ. ಇನ್ನೂ ಹಿಡಕೊಂಡ್ರ ಕುಡದೇ ಬಿಡ್ತೇನಿ ಅಂತ ಹೆದರಿ ಕೆಳಗಿಟ್ಟೆ.’

ಕೌಸಲ್ಯಾಬಾಯಿ ಅವಳ ಕೈ ಹಿಡಿದುಕೊಂಡು ಅತ್ತಳು. ನಾಚಿಕೆಗೆ ಅತ್ತಳೋ, ಅವ್ವನಿಗಾಗಿ ಅತ್ತಳೋ, ಬಾಯಾರಿದ ಈ ಜೀವಕ್ಕಾಗಿ ಅತ್ತಳೋ, ಅವಳಿಗೇ ಗೊತ್ತಿಲ್ಲ. ಮೂರೂ ಇದ್ದವು.

ಸಮಾಧಾನವಾದ ಮೇಲೆ ಅವಳೇ ಕೇಳಿದಳು: ‘ಗಿಡ ಮುಟ್ಟಿ ಏನು ಅಂತಿದ್ರಿ ನೀವು?’

‘ಹೋಗಿ ಬರ್ತೇನಿ ಅಂತಿದ್ದೆ. ಬರ್ತೇನೋ ಇಲ್ಲೋ, ಹೇಳಿ ಹೋದ್ರ ಛಲೋ ಅಲ್ಲೇನು? ಕಡಿಯೋದು ಬ್ಯಾಡ ಬಾಯಿ, ದಿನಾ ಇದನ್ನೇ ನೋಡ್ಕೋತ ಮಲಗಿರ್ತೇನಿ.’

ಇಷ್ಟು ದಿನ ಬೇಡ ಅಂದವಳು ಕಡಿಸಿ ಎನ್ನುವುದು, ಕಡಿಯಲು ಕೇಳಿ ಬಂದವಳು ಬೇಡ ಎನ್ನುವುದು ಕಂಡು, ಬಾಗಿಲಲ್ಲಿ ನಿಂತ ಆಬೇದಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಟೀಚರ ದನಿಯೇ ಗೆದ್ದಿತು. ‘ಗಿಡ ನಂದು, ಮಾತು ನಂದು. ಸುಮ್ನ ಇರ್ರಿ ನೀವು.’

ನಗರಸಭೆಯ ಪರವಾನಗಿ ಬಂದ ಮೇಲೆ ಬೇವು ಬಿತ್ತು. ಆ ಹೊತ್ತು ಕೌಸಲ್ಯಾಬಾಯಿ ಮನೆಯೊಳಗೇ ಇದ್ದಳು, ಹೊರಗೆ ಬರಲಿಲ್ಲ. ಟೊಂಗೆ ನೆಲಕ್ಕೆ ಬಿದ್ದ ಸದ್ದಿಗೆ ಕಾಶೀರಾಮನ ಪಟದ ಕಡೆ ತಿರುಗಿ, ‘ಸಿಟ್ಟಾಗಬ್ಯಾಡ್ರಿ’ ಅಂದಳು. ಆಗ ಮಜೀದನೇ ಓಡಿ ಬಂದ. ‘ಬಾಯಿ, ಜರಾ ಬರ್ರಿ, ಒಂದು ನೋಡ್ರಿ.’

ಬೊಡ್ಡೆ ಕಿತ್ತ ಜಾಗದಲ್ಲಿ ಸುತ್ತಲೂ ಕೆಂಪು ಕಲ್ಲು. ನಡುವೆ ಮಾತ್ರ ಬೇರಿಗೆ ಅಂಟಿಕೊಂಡು ಎರೆಮಣ್ಣು, ಇಷ್ಟು ವರ್ಷವಾದರೂ ಕಪ್ಪಗೆ, ಮಿದುವಾಗಿ. ಕೌಸಲ್ಯಾಬಾಯಿ ಕುಕ್ಕರುಗಾಲಲ್ಲಿ ಕುಳಿತು ಒಂದು ಹಿಡಿ ತೆಗೆದಳು. ಮೂಗಿನ ಹತ್ತಿರ ಹಿಡಿದಳು. ಔರಾದದ ಹೊಲದ ವಾಸನೆ, ಬಂಡಿಯ ಮೇಲೆ ಮಣ್ಣು ಹೇರಿಕೊಂಡು ಮೈಯೆಲ್ಲ ಕಪ್ಪಾಗಿ ಬಂದ ಗಂಡನ ವಾಸನೆ. ಮಜೀದ ಒಂದು ಬುಟ್ಟಿಯನ್ನೂ ಹೊರಗೆ ಚೆಲ್ಲಿಸಲಿಲ್ಲ. ಗೋಡೆಯ ಮೂಲೆಗೆ, ಕಿಟಕಿಯಿಂದ ಕಾಣುವ ಕಡೆ, ಹೊಸ ಕುಣಿ ತೋಡಿಸಿ ಅದೇ ಮಣ್ಣು ತುಂಬಿಸಿದ, ಮೇಲೆ ಜನವಾಡದ ಎರಡು ಚೀಲ ಮಣ್ಣು ಸೇರಿಸಿದ. ‘ಈಗ ನೀವೇ ಹಚ್ಚಬೇಕ್ರಿ. ನಮ್ಮ ಮನಿ ಮುಂದ ನಾವು ಹಚ್ಚಿದ್ರ ಕಾಲನಿ ಮಂದಿ ಬಿಡ್ತಾರೇನು?’ ಎಂದ. ಕೌಸಲ್ಯಾಬಾಯಿ ಬೇವಿನ ಸಸಿ ತಂದು ಹಚ್ಚಿದಳು.

ಈಗ ಗಾಡಿ ಬಾಗಿಲವರೆಗೆ ಹೋಗುತ್ತದೆ. ಕೌಸಲ್ಯಾಬಾಯಿಗೆ ದಿನಾ ಮುಂಜಾನೆ ಕೊಡ ಹೊತ್ತು ರಸ್ತೆ ದಾಟುವ ಕೆಲಸ ಮತ್ತೆ ಬಂದಿದೆ. ಈ ಸಲ ಗಿಡಕ್ಕೂ ನೀರು ನಿಜವಾಗಿ ಬೇಕು. ಮೊಣಕಾಲು ಹಿಡಿಯುತ್ತದೆ, ಸಪನಾ ಪೈಪು ತರೋಣ ಎನ್ನುತ್ತಾಳೆ, ಇವಳು ಕೇಳಿಸಿಕೊಳ್ಳುವುದಿಲ್ಲ.

ಮೊದಲ ದಿನ ಕೊಡ ಇಳಿಸಿದಾಗ ಇಮಾಮಬೀ ಸಸಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ತುಟಿ ಒಣಗಿ ಬಿರಿದಿದ್ದವು. ಕೌಸಲ್ಯಾಬಾಯಿಯ ಕೈ ಮುಂದೆ ಹೋಗಲಿಲ್ಲ.

‘ಆಪಾ, ನೀವು ಒಳಗ ಹೋಗ್ರಿ. ಆಮ್ಯಾಲ ಹಾಕ್ತೇನಿ. ನಿಮ್ಮ ಎದುರಿಗೆ ನೀರು ಸುರುವ್ಲಿಕ್ಕ ನನಗ ಜೀವ ಒಗ್ಗಂಗಿಲ್ಲ.’

‘ಹುಚ್ಚಿ ಇದ್ದಿ ನೋಡು. ಅದನ್ನ ನೋಡ್ಲಿಕ್ಕೇ ಬಂದು ಕುಂತೀನಿ. ಹಾಕು. ಸಾವಕಾಶ ಹಾಕು. ಅದು ಕುಡಿಯೋದು ನೋಡಿದ್ರ ನನ್ನ ಗಂಟಲಿಗೆ ತಂಪಾಗ್ತದ.’

ಕೌಸಲ್ಯಾಬಾಯಿ ಕೊಡ ಬಾಗಿಸಿದಳು. ನೀರು ಸಣ್ಣಗೆ ಇಳಿಯಿತು, ಕರಿ ಮಣ್ಣು ಸದ್ದು ಮಾಡುತ್ತ ಹೀರಿಕೊಂಡಿತು. ಹಳೆಯ ಚಾಳಿ, ಅವಳ ಕಣ್ಣು ತಾನಾಗಿ ಇಮಾಮಬೀಯ ಗಂಟಲ ಕಡೆ ಹೋಯಿತು. ಗಿಡ ಕುಡಿಯುತ್ತಿದ್ದಂತೆ ಆ ಗಂಟಲು ಮೆಲ್ಲಗೆ ಒಮ್ಮೆ ಆಡಿತು.